ಸೋಮವಾರವೂ ಬೆಚ್ಚಗಿದ್ದ ಗೋಡೆ

ನಮ್ಮ ಓಣಿಯಲ್ಲಿ ಅವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ದರ್ಜಿಗಳು ಹೊಲಿದ ಅಂಗಿಗಳು ಕಾಜಾ, ಗುಂಡಿ ಇಲ್ಲದೆ ಅವಳ ಮನೆಗೆ ಬರುತ್ತಿದ್ದವು. ಗುಂಡಿ ತೂರುವ ಕಂಡಿಯ ಅಂಚಿಗೆ ಒತ್ತಾಗಿ ದಾರ ಸುತ್ತಿ, ಗುಂಡಿ ಹಚ್ಚಿ, ಮಡಿಚಿ ಕಳಿಸುವುದು ಅವಳ ಕೆಲಸ. ರಸ್ತೆಯಲ್ಲಿ ಎದೆಯುಬ್ಬಿಸಿ ನಡೆಯುವ ಗಂಡಸರನ್ನು ಕಂಡರೆ, ಇವರ ಮಾನವೆಲ್ಲ ನನ್ನ ದಾರದಲ್ಲಿ ನೇತಾಡುತ್ತಿದೆ ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಬಂದು ಸೇರಿದ್ದು ನಮ್ಮ ಪಕ್ಕದ ಮನೆಗೆ. ಒಂದು ಕೋಣೆ, ಒಂದು ಅಡುಗೆಮನೆ. ಗಂಡ ಬಸ್ ಕಂಡಕ್ಟರ್. ಬಂದ ದಿನವೇ ಅಂಗಿ ನೇತುಹಾಕಲು ಹಿಂದಿನ ಗೋಡೆಗೆ ಮೊಳೆ ಹೊಡೆಯಲು ಹೋದವನು, ಕೈಯಿಟ್ಟು ನೋಡಿ ಹೌಹಾರಿದ. ಗೋಡೆ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು. ಆಚೆ ಬೆಂಕಿ ಬಿದ್ದಿದೆ ಎಂದುಕೊಂಡು ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಓಡಿದ. ನಮ್ಮ ಓಣಿಯ ಬೆನ್ನಿಗಿರುವ ಬೀದಿಗೆ ಹೋಗಬೇಕಾದರೆ ಇಡೀ ಸಾಲನ್ನು ಸುತ್ತಬೇಕು. ಅರ್ಧ ನೀರು ದಾರಿಗೆ ಚೆಲ್ಲಿ, ಉಳಿದರ್ಧ ಹೊತ್ತು ಏದುಸಿರು ಬಿಡುತ್ತಾ ತಲುಪಿದ್ದು ಒಂದು ಬೇಕರಿಯ ಮುಂದೆ. ಬೆಂಕಿ ಎಲ್ಲಿ ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದವನು, ಒಳಗಿದೆ ಸ್ವಾಮಿ, ದಿನಾ ಇರತ್ತೆ, ನಿಮಗೆ ಬನ್ ಬೇಕಾ ಎಂದನಂತೆ. ಬೇಕರಿಯ ಇಟ್ಟಿಗೆ ಭಟ್ಟಿಯ ಬೆನ್ನು ಇವರ ಮನೆಯ ಗೋಡೆಗೆ ಅಂಟಿಕೊಂಡಿತ್ತು, ಅಷ್ಟೇ. ಅಂದಿನಿಂದ ಕಂಡಕ್ಟರನಿಗೆ ಫೈರ್ ಎಂಜಿನ್ ಎಂಬ ಹೆಸರು ಬಿತ್ತು. ಬಸ್ಸಿನಲ್ಲಿ ಟಿಕೆಟ್ ಕೇಳುವಾಗಲೂ ಜನ ಅದೇ ಹೆಸರಿಂದ ಕರೆಯುತ್ತಿದ್ದರು.

ಕಾಜಕ್ಕನಿಗೆ ಮಾತ್ರ ಆ ಗೋಡೆ ತವರಿನ ಹಾಗೆ ಒಗ್ಗಿಹೋಯಿತು. ಅದಕ್ಕೆ ಬೆನ್ನು ಕೊಟ್ಟು ಕೂತರೆ ಸೊಂಟ ನೋವು ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದಳು. ವರ್ಷಗಟ್ಟಲೆ ಒರಗಿ ಒರಗಿ ಸುಣ್ಣ ಸವೆದು, ಅವಳ ಬೆನ್ನಿನಗಲ ಗೋಡೆ ನುಣ್ಣಗೆ ಕಪ್ಪಾಗಿತ್ತು. ಸೋಮವಾರ ಬೇಕರಿಗೆ ರಜೆ. ಆ ದಿನ ಗೋಡೆ ತಣ್ಣಗಾಗುತ್ತಿತ್ತು. ಇವತ್ತು ಇವನು ಮುನಿಸಿಕೊಂಡಿದಾನೆ ಎಂದು ಅವಳು ಗೋಡೆಗೇ ಬೈಯುತ್ತಿದ್ದಳು.

ಮಗಳು ಹುಟ್ಟಿದ್ದು ಒಂದು ಕಡು ಚಳಿಗಾಲದಲ್ಲಿ, ದಿನ ತುಂಬುವ ಮೊದಲೇ. ಅಂಗೈ ಮೇಲೆ ಮಲಗಿಸುವಷ್ಟು ಕೂಸು. ಚರ್ಮದೊಳಗಿನ ನೀಲಿ ನರಗಳೆಲ್ಲ ಕಾಣುತ್ತಿದ್ದವು. ಆಸ್ಪತ್ರೆಯವರು ಮನೆಗೆ ಕಳಿಸುವಾಗ ಒಂದೇ ಮಾತು ಹೇಳಿದ್ದರು: ಮಗು ತಣ್ಣಗಾಗಲು ಬಿಡಬೇಡಿ. ಕಾಜಕ್ಕ ಕೂಸನ್ನು ತನ್ನ ಎದೆಗೂ ಗೋಡೆಗೂ ನಡುವೆ ಇಟ್ಟುಕೊಂಡು ಹಗಲು ರಾತ್ರಿ ಕೂತಳು. ಬಾಣಂತನಕ್ಕೆಂದು ಬಂದು ಅಲ್ಲೇ ಉಳಿದ ಅತ್ತೆ ಕೂತಲ್ಲಿಗೇ ಊಟ ತಂದು ತಿನ್ನಿಸುತ್ತಿದ್ದರು. ಮೊದಲ ಸೋಮವಾರ ಗೋಡೆ ತಣ್ಣಗಾದಾಗ ಕೂಸು ಅತ್ತಿತು. ಅದು ಅಳುವಿನ ಹಾಗಿರಲಿಲ್ಲ, ಬಾಗಿಲ ಕೀಲು ಕಿರುಗುಟ್ಟಿದ ಹಾಗಿತ್ತು. ಬೆಳಗಿನಿಂದ ಸಂಜೆವರೆಗೆ ಅದೇ. ಬಿಸಿನೀರಿನ ಬಾಟಲಿ, ಕಂಬಳಿ, ನಮ್ಮ ಮನೆಯ ಹಾಸಿಗೆ, ಏನು ತಂದರೂ ಸಾಕಾಗಲಿಲ್ಲ. ಎರಡನೆಯ ಸೋಮವಾರವೂ ಹಾಗೇ ಆಯಿತು. ಆ ಸಂಜೆ ತುಟಿ ನೀಲಿಯಾದದ್ದನ್ನು ನಾನೇ ನೋಡಿದೆ. ಇನ್ನೊಂದು ಸೋಮವಾರ ಈ ಕೂಸು ತಡೆಯುವುದಿಲ್ಲ ಎಂದು ನನ್ನ ಮನಸ್ಸು ಹೇಳಿತು. ನಾವು ಮೂವರು ಹೆಂಗಸರು ಆ ವಾರವೆಲ್ಲ ದೇವರನ್ನು ಬೇಡಿದ್ದು ಅಷ್ಟಿಷ್ಟಲ್ಲ.

ಮೂರನೆಯ ಸೋಮವಾರ ಬೆಳಿಗ್ಗೆ ಕಾಜಕ್ಕ ನನ್ನನ್ನು ಕೂಗಿ ಕರೆದಳು. ನನ್ನ ಕೈ ಹಿಡಿದು ಗೋಡೆಗೆ ಒತ್ತಿದಳು. ಬೆಚ್ಚಗಿತ್ತು. ಬೇಕರಿಯ ಬಾಗಿಲು ಹಾಕಿದೆ ಎಂದು ಕಂಡಕ್ಟರ್ ನೋಡಿಕೊಂಡು ಬಂದ. ಬಾಗಿಲು ಹಾಕಿದೆ, ಗೋಡೆ ಬೆಚ್ಚಗಿದೆ. ಆ ಚಳಿಗಾಲ ಪೂರ್ತಿ, ಒಂದೇ ಒಂದು ಸೋಮವಾರವೂ ಅದು ತಣ್ಣಗಾಗಲಿಲ್ಲ. ಆಮೇಲೂ ಆಗಲಿಲ್ಲ.

ಇದು ದೇವರ ಕೈ ಎಂದು ಕಾಜಕ್ಕ ನಂಬಿದಳು. ನಾನೂ ನಂಬಿದೆ. ಅವಳ ಅತ್ತೆಗೂ ಭಕ್ತಿ ಕಡಿಮೆಯೇನಲ್ಲ, ಆದರೆ ನಾಲಿಗೆ ಚುರುಕು. ದೇವರ ಹತ್ತಿರ ಬೆಂಕಿಪೆಟ್ಟಿಗೆ ಇರುತ್ತಾ, ಹೋಗಿ ಬೇಕರಿಯಲ್ಲಿ ಒಂದು ಸಲ ಕೇಳಬಾರದಾ ಎಂದು ಕೆಣಕುತ್ತಿದ್ದರು. ಕಾಜಕ್ಕ ಕೇಳಲಿಲ್ಲ. ಆರ್ಡರ್ ಜಾಸ್ತಿ ಇತ್ತಮ್ಮ, ಅದಕ್ಕೆ ಹಚ್ಚಿಟ್ಟಿದ್ವಿ ಎಂದು ಯಾರಾದರೂ ಅಂದುಬಿಟ್ಟರೆ? ಬದುಕಿನಲ್ಲಿ ದೇವರು ತನ್ನ ಮನೆಯವರೆಗೆ ಬಂದದ್ದು ಅದೊಂದೇ ಸಲ. ಅದೂ ಸುಳ್ಳಾಗಿಬಿಟ್ಟರೆ ಆಮೇಲೆ ಯಾವ ಮುಖದಿಂದ ಕೈ ಮುಗಿಯುವುದು ಎಂದು ಒಮ್ಮೆ ನನ್ನನ್ನು ಕೇಳಿದ್ದಳು.

ಕೂಸು ಬೆಳೆದು ಹೈಸ್ಕೂಲಿಗೆ ಹೋಗುವ ಹುಡುಗಿಯಾದಳು, ತಾಯಿಗಿಂತ ಎತ್ತರ, ಅಜ್ಜಿಗಿಂತ ಜೋರು ಬಾಯಿ. ಊರಾಚೆ ಅವರದೇ ಸ್ವಂತ ಮನೆ ಎದ್ದು ನಿಂತಿತು. ಕಂಡಕ್ಟರನಿಗೆ ವಾರದ ರಜೆ ಸಿಗುವುದು ಸೋಮವಾರ. ಅಂದೇ ಸಾಮಾನು ಸಾಗಿಸುವುದೆಂದಾಯಿತು.

ಟೆಂಪೊ ತುಂಬಿತು. ಚಾಪೆ, ಪಾತ್ರೆ, ಗುಂಡಿ ಡಬ್ಬಿಗಳು, ಕೊನೆಗೆ ಪೊರಕೆಯೂ ಏರಿತು. ಕಾಜಕ್ಕ ಮಾತ್ರ ಖಾಲಿ ಕೋಣೆಯಲ್ಲಿ ಗೋಡೆಗೆ ಎದುರಾಗಿ ಕೂತಿದ್ದಳು. ಅಂಗೈ ಗೋಡೆಯ ಮೇಲಿತ್ತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಗಂಡ ಬಂದು ಕರೆದ, ಆ ಮನೆಗೂ ಗೋಡೆ ಇದೆ ಮಾರಾಯ್ತಿ ಎಂದು ನಗಿಸಲು ನೋಡಿದ. ಅವಳು ಅಲುಗಲಿಲ್ಲ. ದೇವರಿಗೋ ಮನುಷ್ಯರಿಗೋ, ಯಾರಿಗೆ ಹೇಳಿ ಹೋಗುವುದು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ. ಇವತ್ತು ಕೇಳದಿದ್ದರೆ ಇನ್ನು ಎಂದೂ ಕೇಳುವಂತಿಲ್ಲ. ಕೇಳಿದರೆ ಇದ್ದದ್ದೂ ಹೋಗಬಹುದು.

ಆಗ ಅತ್ತೆ ಟೆಂಪೊದಿಂದ ಕಷ್ಟಪಟ್ಟು ಇಳಿದು ಬಂದರು. ಈ ಸಲ ಕೆಣಕಲಿಲ್ಲ.

"ಕೇಳ್ಕೊಂಡು ಬಾ ಹೋಗಮ್ಮ. ದೇವರು ಮಾಡಿದ್ರೆ, ನೀನು ಕೇಳಿದ್ದಕ್ಕೆ ಕರಗಿ ಹೋಗಲ್ಲ. ಮನುಷ್ಯ ಮಾಡಿದ್ರೆ, ಅವನಿಗೆ ಒಂದು ಮಾತೂ ಹೇಳದೆ ಹೋದ ಹಾಗಾಗತ್ತೆ."

ಕಾಜಕ್ಕ ಎದ್ದಳು. ನೀವೂ ಬನ್ನಿ ಅಕ್ಕ ಎಂದು ನನ್ನ ಸೆರಗು ಹಿಡಿದಳು. ಅಂದು ಗಂಡ ಬಕೆಟ್ ಹೊತ್ತು ಓಡಿದ ದಾರಿಯಲ್ಲೇ ಇಬ್ಬರೂ ನಡೆದೆವು. ಬೇಕರಿಯ ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆವು. ಖಾಲಿ ತಟ್ಟೆಗಳ ಆಚೆ, ಹಿತ್ತಲ ಕಡೆಯ ಕತ್ತಲಿನಲ್ಲಿ ಭಟ್ಟಿಯ ಬಾಯಿ ಕೆಂಪಗೆ ತೆರೆದುಕೊಂಡಿತ್ತು. ಒಳಗೆ ಮನುಷ್ಯ ಮಲಗುವಷ್ಟು ಜಾಗ, ಮೇಲೆ ಇಟ್ಟಿಗೆಯ ಕಮಾನು, ಆಳದಲ್ಲಿ ಕೆಂಡ ಉಸಿರಾಡುವಂತೆ ಮಂಕಾಗಿ ಮತ್ತೆ ಹೊಳೆಯುತ್ತಿತ್ತು. ಇಷ್ಟು ವರ್ಷ ಅದರ ಬೆನ್ನು ಮಾತ್ರ ಕಂಡಿದ್ದ ಕಾಜಕ್ಕ ಈಗ ಮುಖ ನೋಡಿದಳು. ನಿಂತೇ ಬಿಟ್ಟಳು.

ಮೈದಾ ಮೂಟೆಗಳ ಮೇಲೆ ಕೂತಿದ್ದ ಭಟ್ಟಿಯವನು ಎದ್ದ. ವಯಸ್ಸಾದವನು, ಮೊಣಕೈವರೆಗೆ ಸುಟ್ಟ ಕಲೆಗಳು. ಇವತ್ತು ರಜೆ ತಾಯಿ ಎಂದ. ನಾವು ಬ್ರೆಡ್ಡಿಗೆ ಬಂದವರಲ್ಲ, ಹಿಂದಿನ ಗೋಡೆಯ ಮನೆಯವರು, ಇವತ್ತು ಮನೆ ಬಿಡುತ್ತಿದ್ದೇವೆ ಎಂದು ಕಾಜಕ್ಕ ಹೇಳಿದಳು. ಅವನು ಮತ್ತೆ ಮೂಟೆಯ ಮೇಲೆ ಕುಸಿದು ಕೂತ. ಅವಳ ಮುಖ ನೋಡಿದ.

"ಆ ಮಗು..." ಎಂದ.

ಆಮೇಲೆ ಅವನೇ ನಿಧಾನಕ್ಕೆ ಹೇಳಿದ. ಆಗ ಅವನಿಗೆ ಮನೆಯೆಂಬುದಿರಲಿಲ್ಲ, ಇಲ್ಲೇ ಮೂಟೆಗಳ ಮೇಲೆ ಮಲಗುತ್ತಿದ್ದ. ಉಳಿದ ದಿನ ಹಿಟ್ಟು ನಾದುವ ಯಂತ್ರದ ಗದ್ದಲ, ಏನೂ ಕೇಳದು. ರಜೆಯ ದಿನ ಮಾತ್ರ ಗೋಡೆಯೊಳಗಿಂದ ಒಂದು ಕೂಸು ಅಳುವುದು ಕೇಳಿಸಿತು. ಮುಂದಿನ ರಜೆಯಲ್ಲೂ ಕೇಳಿಸಿತು. ಭಟ್ಟಿ ಆರಿದ ದಿನವೇ ಅಳುತ್ತದೆ ಎಂದು ಅವನಿಗೆ ಹೊಳೆಯಿತು. ಚಳಿಯಲ್ಲಿ ಭಟ್ಟಿ ಆರಿದರೆ ಇಟ್ಟಿಗೆ ಸೀಳುತ್ತದೆ ಎಂದು ಮಾಲೀಕರಿಗೆ ಸುಳ್ಳು ಹೇಳಿ, ಮೂರನೆಯ ಸೋಮವಾರ ಬೆಂಕಿ ಹಾಕಿದ. ಮಾಲೀಕರು ಇಂದಿಗೂ ಅದನ್ನು ನಂಬಿದ್ದಾರೆ, ಬೇರೆ ಬೇಕರಿಯವರಿಗೂ ಬುದ್ಧಿ ಹೇಳುತ್ತಾರೆ ಎನ್ನುವಾಗ ಮಾತ್ರ ಸ್ವಲ್ಪ ನಕ್ಕ.

"ಆವತ್ತು ಅಳು ನಿಂತೋಯ್ತು ತಾಯಿ. ಬೆಚ್ಚಗಾಗಿ ನಿಂತಿತೋ, ಇಲ್ಲಾ... ಕೇಳೋಕೆ ಧೈರ್ಯ ಬರಲಿಲ್ಲ. ಆಮೇಲೆ ಯಾವಾಗಲೋ ಒಂದು ಮಗು ಮಗ್ಗಿ ಓದೋದು ಕೇಳಿಸ್ತಿತ್ತು. ಅದೇ ಮಗುನೋ, ಆಮೇಲೆ ಹುಟ್ಟಿದ ಬೇರೆದೋ, ನನಗೇನು ಗೊತ್ತು? ಗೊತ್ತಿಲ್ಲದೆ ಬೆಂಕಿ ಹೇಗೆ ಆರಿಸಲಿ?"

ಕಾಜಕ್ಕ ಗೋಡೆಯ ಆಚೆ ಹೆದರಿ ಕೇಳದೆ ಉಳಿದಷ್ಟು ವರ್ಷವೂ ಈ ಮನುಷ್ಯ ಈಚೆ ಹೆದರಿ ಕೇಳದೆ ಉಳಿದಿದ್ದ. ಕಾಜಕ್ಕನ ಕಣ್ಣು ತುಂಬಿತ್ತು, ಆದರೆ ಉತ್ತರ ಹೇಳುವ ಕೆಲಸ ಅವಳಿಗೆ ಬೀಳಲಿಲ್ಲ. ಷಟರಿನ ಕೆಳಗಿಂದ ಎರಡು ಜಡೆಯ ತಲೆಯೊಂದು ತೂರಿ ಬಂತು.

"ಅಮ್ಮಾ, ಡ್ರೈವರ್ ಬೈತಿದಾನೆ. ಅಪ್ಪನೂ ಶುರು ಮಾಡಿದಾರೆ. ಅಲ್ಲ, ಹೋಗೋ ಹೊತ್ತಲ್ಲಿ ಬನ್ ಬೇಕಿತ್ತಾ ನಿಂಗೆ?"

"ಇವಳೇ" ಎಂದಳು ಕಾಜಕ್ಕ.

ಅವನು ಎದ್ದು ನಿಂತ. ಹುಡುಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಅವಳು ಗಾಬರಿಯಾಗಿ ಏನಮ್ಮಾ ಎಂದಳು. ಅವನು ಎರಡೂ ಕೈ ಎತ್ತಿ ಮುಗಿದ. ಅವಳಿಗೋ, ಅವಳನ್ನು ಉಳಿಸಿದ ದೇವರಿಗೋ, ನನಗೆ ಗೊತ್ತಾಗಲಿಲ್ಲ. ಅದೇ ಕ್ಷಣ ಕಾಜಕ್ಕನೂ ಅವನಿಗೆ ಕೈ ಮುಗಿದಿದ್ದಳು. ಏನು ಕಳೆದುಹೋಗುತ್ತದೆಂದು ಅಷ್ಟು ವರ್ಷ ಅಂಜಿದ್ದಳೋ, ಅದರ ನೆನಪೂ ಅವಳ ಮುಖದಲ್ಲಿರಲಿಲ್ಲ.

ಇನ್ನು ಸೋಮವಾರ ನೀವು ಹಾಯಾಗಿ ಭಟ್ಟಿ ಆರಿಸಬಹುದು ಅಣ್ಣ ಎಂದು ಅವಳು ಕಣ್ಣೊರೆಸಿಕೊಂಡು ಹೇಳಿದಳು. ಅವನು ತಲೆಯಾಡಿಸಿದ. ಹೊರಡುತ್ತಿದ್ದವರನ್ನು ಮತ್ತೆ ನಿಲ್ಲಿಸಿ, ಆ ಮನೆಗೆ ಇನ್ನು ಯಾರು ಬರುತ್ತಾರೆ ಎಂದು ಕೇಳಿದ. ಯಾರೋ ಏನೋ, ಇನ್ನೂ ತಿಳಿದಿಲ್ಲ ಎಂದಳು ಕಾಜಕ್ಕ.

ಅವನು ಬಗ್ಗಿ, ರಾಶಿಯಿಂದ ಒಂದು ದಪ್ಪ ಸೌದೆ ಆರಿಸಿ, ಭಟ್ಟಿಯ ಆಳಕ್ಕೆ, ಗೋಡೆಯ ಕಡೆಗೆ ತಳ್ಳಿದ.