ಇದ್ದಿಲಿನ ಗೆರೆಯ ಚೀಲಗಳು

ಸಂಶಯಪಡುವುದಕ್ಕೇ ನನಗೆ ಪಗಾರ ಕೊಡುತ್ತಿದ್ದರು ಅಂದರೂ ತಪ್ಪಲ್ಲ. ರೈಲ್ವೆ ಗೂಡ್ಸ್ ಯಾರ್ಡಿನ ಕಾರಕೂನ ನಾನು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಚಕ್ಕಡಿಗಳು ಮುಂಜಾನೆ ಹತ್ತಿಕಾಳಿನ ಚೀಲ ತರುತ್ತಿದ್ದವು. ಹಮಾಲರು ಅವನ್ನು ಶೆಡ್ಡಿಗೆ ಇಳಿಸಿ, ಮಧ್ಯಾಹ್ನ ವ್ಯಾಗನ್ ಬಂದಾಗ ಬೆನ್ನ ಮೇಲೆ ಹೊತ್ತು ತುಂಬುತ್ತಿದ್ದರು. ಈಗಿನಂತೆ ಯಂತ್ರ ಎಲ್ಲಿತ್ತು? ನಮ್ಮದಿನ್ನೂ ಸಣ್ಣ ಹಳಿ. ಮಿರಜಿನಲ್ಲಿ ಅದೇ ಚೀಲಗಳನ್ನು ಇಳಿಸಿ ದೊಡ್ಡ ಹಳಿಯ ವ್ಯಾಗನ್ನಿಗೆ ಮತ್ತೆ ಏರಿಸಬೇಕು. ಎರಡು ಕಡೆ, ಯಾರ್ಯಾರದೋ ಕೈ. ಕದಿಯುವವನಿಗೆ ಇನ್ನೇನು ಬೇಕು!

ಒಂದು ದಿನ ಕೆಲವು ಚೀಲಗಳ ಮೂಲೆಯಲ್ಲಿ ಇದ್ದಿಲಿನ ಗೆರೆ ಕಂಡಿತು. ವ್ಯಾಪಾರಿಗಳ ಗುರುತು ಹಾಗಿರುವುದಿಲ್ಲ. ಹಮಾಲರ ಮುಕಾದಮನನ್ನು ಕೇಳಿದೆ.

“ಏನಿಲ್ರಿ, ಎಲ್ಲ್ಯರೆ ತಿಕ್ಕಿರಬೇಕು,” ಅಂದ, ಬೇರೆ ಕಡೆ ನೋಡುತ್ತ.

ತಿಕ್ಕಿದರೆ ಅಷ್ಟು ನೆಟ್ಟಗೆ ಬೀಳುತ್ತದೆಯೇ? ಮೈಯೆಲ್ಲ ಉರಿಯಿತು. ಮಿರಜಿನಲ್ಲಿರುವ ಜೊತೆಗಾರರಿಗೆ ಇದು ಗುರುತು, ಅಲ್ಲಿ ಈ ಚೀಲಗಳು ಮಾಯವಾಗುತ್ತವೆ ಅಂತ ತೀರ್ಮಾನಿಸಿಯೇಬಿಟ್ಟೆ.

ಎಂಟು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಗೆರೆಯ ಚೀಲಗಳೆಲ್ಲ ಒಬ್ಬನದೇ ಬೆನ್ನೇರುತ್ತಿದ್ದವು. ಘೋಡಗೇರಿಯಿಂದ ನಡೆದು ಬರುತ್ತಿದ್ದ ಮುದುಕ ಹಮಾಲ. ಉಳಿದವರು ಅವನ್ನು ಮುಟ್ಟುತ್ತಲೂ ಇರಲಿಲ್ಲ. ಸಿಕ್ಕಿಬಿದ್ದೆಯಲ್ಲ ಮಗನೇ ಅಂದುಕೊಂಡು ಯಾರ್ಡಿನ ಸಾಹೇಬರನ್ನೇ ಕರೆತಂದೆ. ಗೆರೆಯ ಚೀಲವನ್ನು ತೂಗಿಸಿದರು. ಬೇರೆಯವಕ್ಕಿಂತ ಹಗುರ!

“ನೋಡ್ರಿ, ಕಾಳು ತಗದಾರ!” ಅಂತ ಕೂಗಿದೆ. ಆದರೆ ಹೊಲಿಗೆ ಒಂದೆಳೆಯೂ ಬಿಚ್ಚಿರಲಿಲ್ಲ.

ಮುಕಾದಮ ಕೈಮುಗಿದ. “ಯಾರೂ ತಗದಿಲ್ರಿ. ಎಲ್ಲಾ ಚೀಲ ಒಂದ ತೂಕ ಇರೂದಿಲ್ಲ. ಇಳಸೂವಾಗ ಹಗೂರ ಅನಿಸಿದ್ದಕ್ಕ ನಾವ ಗೆರಿ ಎಳೀತೇವ್ರಿ. ಈ ಮುದುಕ ಕಾಕಾನ ನಡಾ ಹೋಗೇತಿ. ಅವ ಹಗೂರ ಚೀಲಾನಷ್ಟ ಹೊರ್ಲಿ ಅಂತ.”

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸಾಹೇಬರು ಮಾತ್ರ ಬಿಲ್ಲೆ ಕೊಡು ಅಂತ ಮುದುಕನತ್ತ ಕೈಚಾಚಿದರು. “ಪೂರಾ ಭಾರ ಹೊರಾಕ ಆಗದಾವ್ಗ ಬಿಲ್ಲೆ ಯಾಕ?”

ತೋಳಿನ ಹಿತ್ತಾಳೆ ಬಿಲ್ಲೆ ಇಲ್ಲದವನಿಗೆ ಯಾರ್ಡಿನಲ್ಲಿ ಕೆಲಸವಿಲ್ಲ. “ತಪ್ಪು ನಂದ ಐತ್ರಿ ಸಾಹೇಬ್ರ, ಬಿಟ್ಟಬಿಡ್ರಿ,” ಅಂತ ಗೋಗರೆದೆ. ಕೇಳಲಿಲ್ಲ.

ಒಂದೇ ಕೈಯಲ್ಲಿ ಮುದುಕನಿಗೆ ಬಿಲ್ಲೆ ಕಟ್ಟಿದ್ದ ದಾರದ ಗಂಟು ಬಿಚ್ಚಲಾಗಲಿಲ್ಲ. ತೋಳನ್ನು ನನ್ನತ್ತ ಚಾಚಿದ. ನಾನೇ ಬಿಚ್ಚಿದೆ.

“ಎಂಟ ದಿನ ನನ್ನ ಹಿಂದ ತಿರಗಿದ್ರಿ, ನನಗ ಗೊತ್ತಿತ್ರಿ,” ಅಂದ. “ನನ್ನ ಒಂದ ಮಾತ ಕೇಳಿದ್ರ, ನಾನ ಹೇಳತಿದ್ದೆನಲ್ರಿ.”