ಸುಮಿತ್ರಕ್ಕನ ಹಗ್ಗ

ಹಾರವಾಡದ ಸುಮಿತ್ರಕ್ಕನ ವ್ಯಾನಿನಿಂದ ಶಾಲೆಯ ಮಕ್ಕಳು ಇಳಿಯುವುದನ್ನು ಮೊದಲ ಸಲ ನೋಡಿದವರು ನಗುತ್ತಿದ್ದರು. ಎಡಬಾಗಿಲಿನಿಂದ ಮೊದಲು ಒಂದು ದಪ್ಪ ಹಗ್ಗ ಹೊರಬರುತ್ತಿತ್ತು. ಅದರ ಒಂದೊಂದು ಗಂಟು ಹಿಡಿದು ಒಂದೊಂದು ಮಗು. ಹಿಂದಿನ ತುದಿ ಸುಮಿತ್ರಕ್ಕನ ಕೈಯಲ್ಲಿ. ತೀರಿಹೋದ ಗಂಡನ ದೋಣಿ ಮಾರಿದಾಗ ಆಕೆ ಇಟ್ಟುಕೊಂಡದ್ದು ಆ ಹಗ್ಗವೊಂದನ್ನೇ.

“ನಾವೆಂತ ಆಕಳ, ಅಕ್ಕಾ?” ಹುಡುಗರು ಕೆಣಕುತ್ತಿದ್ದರು.

“ಆಕಳಾದ್ರೆ ಹೇಳಿದ್ ಕೇಳ್ತಿತ್ತು. ಹಿಡ್ಕಳ್ರಾ ಸುಮ್ಗೆ!”

ಆಕೆಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ದಿನದ ಮಾತನ್ನೆಲ್ಲ ಅಂಕೋಲೆಯ ಶಾಲೆಗೆ ಹೋಗಿಬರುವ ದಾರಿಯಲ್ಲೇ ಆಡಿ ಮುಗಿಸುತ್ತಿದ್ದಳು.

ನನ್ನ ಮಗಳೂ ಆ ವ್ಯಾನಿನಲ್ಲೇ ಹೋಗುತ್ತಿದ್ದಳು. ಪತ್ರಿಕೆಯ ಕೆಲಸಕ್ಕೆಂದು ಒಂದು ಬೆಳಿಗ್ಗೆ ನಾನೂ ಮುಂದಿನ ಸೀಟಿನಲ್ಲಿದ್ದೆ. ಬೇಲೆಕೇರಿ ಕ್ರಾಸ್ ದಾಟುತ್ತಲೇ ಮುಂದಿನ ಬಲಗಡೆಯ ಟೈರು ಸಿಡಿಯಿತು. ವ್ಯಾನು ಬಲಕ್ಕೆ ಎಳೆಯಿತು. ಹಿಂದೆ ಲಾರಿಯ ಹಾರ್ನ್, ಮಕ್ಕಳ ಕಿರುಚಾಟ.

ಸುಮಿತ್ರಕ್ಕ ಬ್ರೇಕ್ ಒತ್ತಲಿಲ್ಲ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದಳು. ವೇಗ ತಾನಾಗಿ ಇಳಿಯುವವರೆಗೂ ನೇರವಾಗಿ ನಡೆಸಿ, ಆಮೇಲೆ ಎಡದ ಅಂಚಿಗೆ ತಂದು ನಿಲ್ಲಿಸಿದಳು.

“ಹಗ್ಗ!” ಎಂದಳು.

ಅಳುತ್ತಿದ್ದವರೂ ಗಂಟು ಹಿಡಿದರು. ರಸ್ತೆಯಂಚಿನ ತಡೆಬೇಲಿಯ ಆಚೆ ಎಲ್ಲರನ್ನೂ ನಿಲ್ಲಿಸಿದ ಮೇಲೆಯೇ ಆಕೆ ಹಗ್ಗದ ತುದಿ ಬಿಟ್ಟದ್ದು.

“ಅಕ್ಕಾ, ಇವತ್ತು ಶಾಲೆ ಇಲ್ವ?” ಒಬ್ಬ ಆಸೆಯಿಂದ ಕೇಳಿದ.

“ಶಾಲೆ ಅದೆ. ಟೈರಿಗೆ ಮಾತ್ರ ರಜಾ.”

ಸಂಜೆ ಪಾಲಕರು ಬಾಳೆಹಣ್ಣಿನ ಚಿಪ್ಪು ತಂದು ಕೈಮುಗಿದರು. ಮರುವಾರದಿಂದ ಅವರ ಮಕ್ಕಳು ಒಬ್ಬೊಬ್ಬರಾಗಿ ಶಾಲೆಯ ದೊಡ್ಡ ಬಸ್ಸು ಹತ್ತಿದರು. ಆಕೆಯನ್ನು ಯಾರೂ ದೂರಲಿಲ್ಲ. “ಅಕ್ಕ ಹುಷಾರೇ. ವ್ಯಾನು ಹಳೇದಲ್ವ?” ಎಂದರು. ಆಕೆ ನಾಲ್ಕೂ ಟೈರು ಹೊಸದು ಹಾಕಿಸಿದಳು. ಯಾರೂ ಮರಳಲಿಲ್ಲ.

ಉಳಿದದ್ದು ನನ್ನ ಮಗಳೊಬ್ಬಳು. ಇಬ್ಬರೇ ಮಾತಾಡುತ್ತ ಹೋಗಿಬರುತ್ತಿದ್ದರು. ಅಷ್ಟರಲ್ಲಿ ನನ್ನ ಹೆಂಡತಿಗೆ ಮಲ್ಲಾಪುರಕ್ಕೆ ವರ್ಗವಾಗಿ, ನಾವು ಊರು ಬಿಡಬೇಕಾಯಿತು. ಕೊನೆಯ ಸಂಜೆ ವ್ಯಾನು ನಮ್ಮ ಮನೆಯೆದುರು ನಿಂತಾಗ ನಾನು ಅಂಗಳದಲ್ಲಿದ್ದೆ. ಬಾಗಿಲು ತೆರೆದ ಸುಮಿತ್ರಕ್ಕ ಎಂದಿನಂತೆ ಹಗ್ಗ ಚಾಚಿದಳು.

“ನಾ ಒಬ್ಳೇ ಅಲ್ವ ಅಕ್ಕಾ, ಹಗ್ಗ ಎಂತಕ್ಕೆ?”

“ಒಬ್ಳಾದ್ರೆ ಎಂತ ಆಯ್ತು? ಹಿಡ್ಕ ಮಗಾ.”

ಮಗಳು ಮೊದಲ ಗಂಟು ಹಿಡಿದು ಮುಂದೆ ನಡೆದಳು. ಹಿಂದಿನ ತುದಿ ಹಿಡಿದು ಸುಮಿತ್ರಕ್ಕ ಬಂದಳು. ನಡುವಿನ ಗಂಟುಗಳೆಲ್ಲ ಅಂಗಳದ ಮರಳಿನಲ್ಲಿ ತೆವಳುತ್ತ ಬಂದವು.