ನೆಲ ಒರೆಸಿದ ಕೌದಿ

ಆಗೆಲ್ಲ ಧಾರವಾಡಕ್ಕೆ ಚಳಿಗಿಂತ ಎರಡು ದಿನ ಮೊದಲೇ ಗಂಗಕ್ಕ ಬರುತ್ತಿದ್ದಳು. ದೀಪಾವಳಿ ಮುಗಿದ ವಾರಕ್ಕೆ ಹೆಗಲ ಮೇಲೊಂದು ಗಂಟು ಹೊತ್ತು, ಕೌದಿ ಹೊಲಸತೀರೇನವ್ವಾ ಅನ್ನುತ್ತ ನಮ್ಮ ಓಣಿಗೆ ಕಾಲಿಟ್ಟರೆ ಮುಗಿಯಿತು, ಸಂಕ್ರಾಂತಿಯವರೆಗೆ ಅವಳು ನಮ್ಮವಳು. ಒಂದು ಮನೆಯ ಪಡಸಾಲೆಯಿಂದ ಇನ್ನೊಂದು ಮನೆಯ ಪಡಸಾಲೆಗೆ ಅವಳ ಸೂಜಿ ಸಾಗುತ್ತಿತ್ತು.

ಅವಳು ಬಂದ ದಿನ ಅವ್ವನ ಟ್ರಂಕು ಬಾಯಿ ತೆರೆಯುತ್ತಿತ್ತು. ಪದರ ಪದರವಾಗಿ ಜೋಡಿಸಿ ಹೊದಿಕೆ ಹೊಲಿಸಲೆಂದು ವರ್ಷವಿಡೀ ಕೂಡಿಟ್ಟ ಹಳೆಯ ಅರಿವೆಗಳು ಹೊರಗೆ ಬರುತ್ತಿದ್ದವು: ಮೊಣಕಾಲಲ್ಲಿ ಹರಿದ ಅಣ್ಣನ ಪ್ಯಾಂಟು, ಅಪ್ಪನ ಸವೆದ ಧೋತರ, ಬಣ್ಣಗೆಟ್ಟ ಇಳಕಲ್ ಸೀರೆ, ಕಂಕುಳಲ್ಲಿ ಹೊಲಿಗೆ ಬಿಟ್ಟ ಖಣದ ಕುಪ್ಪಸ. ಒಣಗಿದ ಬೇವಿನೆಲೆಯ ವಾಸನೆ ಪಡಸಾಲೆ ತುಂಬ ಹರಡುತ್ತಿತ್ತು. ನಮ್ಮ ಮನೆಯಲ್ಲಿ ಆಗ ಕಸ ಅನ್ನುವುದು ಒಲೆಯ ಬೂದಿಯಷ್ಟೇ, ಅದೂ ಪಾತ್ರೆ ತಿಕ್ಕಲು ಹೋಗುತ್ತಿತ್ತು. ಎಣ್ಣೆಯ ಡಬ್ಬಿ ತುಳಸಿಯ ಕುಂಡವಾಗುತ್ತಿತ್ತು. ಜೋಳದ ಚೀಲ ಬಾಗಿಲ ಮುಂದೆ ಕಾಲೊರೆಸಲು ಬೀಳುತ್ತಿತ್ತು. ಇದಕ್ಕೆ ಪರಿಸರ ಪ್ರೇಮ ಅನ್ನಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಾನು ಆರನೆಯ ತರಗತಿಯಲ್ಲಿದ್ದ ಚಳಿಗಾಲ ಅದು. ನಮ್ಮ ಶಾಲೆಯಲ್ಲಿ 'ಕಸದಿಂದ ರಸ' ಅಂತ ಸ್ಪರ್ಧೆ ಇಟ್ಟರು. ಕ್ರಾಫ್ಟ್ ಹೇಳಿಕೊಡುವ ಟೀಚರು ಬೋರ್ಡಿನ ಮೇಲೆ ಬೇಕಾದ ಸಾಮಾನಿನ ಪಟ್ಟಿ ಬರೆದರು. ಥರ್ಮಾಕೋಲ್ ಹಾಳೆ, ಮಿಂಚಿನ ಪುಡಿ, ಬಣ್ಣದ ಕಾಗದ, ಐಸ್‌ಕ್ರೀಮ್ ಕಡ್ಡಿಯ ಹೊಸ ಪ್ಯಾಕೆಟ್ಟು, ಅಂಟು. ಎಲ್ಲವೂ ಹುಬ್ಬಳ್ಳಿಯ ದುರ್ಗದಬೈಲಿನ ಒಂದೇ ಅಂಗಡಿಯಲ್ಲಿ ಸಿಗುತ್ತವೆ ಎಂದೂ ಹೇಳಿದರು. ಎಲ್ಲಾ ಅಂಗಡಿಯಿಂದ ತಂದರೆ ಕಸ ಯಾವುದು ಎಂದು ನಾನು ಎದ್ದು ಕೇಳಿದೆ. ಹುಡುಗಿಯರು ನಕ್ಕರು. ಗಂಟೆ ಹೊಡೆಯುವವರೆಗೆ ನಾನು ನಿಂತೇ ಇದ್ದೆ.

ಸಂಜೆ ಅಪ್ಪ ಪಾಪ, ಪಟ್ಟಿ ಕೈಯಲ್ಲಿ ಹಿಡಿದು ಹುಬ್ಬಳ್ಳಿಗೆ ಹೋಗಿ ಬರುವ ಮಾತಾಡಿದರು. ಅಲ್ಲೇ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದ ಗಂಗಕ್ಕ ಇದನ್ನೆಲ್ಲ ಕೇಳಿ ನಕ್ಕಳು.

"ಕಸಾನ ಯಾರರೆ ಅಂಗಡಿಯಿಂದ ತರ್ತಾರೇನ್ರಿ?" ಅಂದಳು ಅಪ್ಪನಿಗೆ. ನಂತರ ನನ್ನ ಕಡೆ ತಿರುಗಿ, "ಬಾ ಇಲ್ಲಿ, ಕೂಡು. ನಿನ್ನ ಹಳೀ ಫ್ರಾಕ್ ತಗೊಂಡ ಬಾ."

ಹಾಗೆ ನನ್ನ ಕೌದಿ ಶುರುವಾಯಿತು. ತೊಟ್ಟಿಲ ಕೂಸಿಗೆ ಹೊದಿಸುವಷ್ಟು ಸಣ್ಣದು. ಒಳಗೆ ಅಪ್ಪನ ಧೋತರದ ಎರಡು ಪದರ, ಮೇಲೆ ನನ್ನ ಫ್ರಾಕು, ಅಣ್ಣನ ಯೂನಿಫಾರ್ಮು, ಖಣದ ತುಣುಕು. ಗಂಗಕ್ಕ ಒಂದೇ ಒಂದು ಹೊಲಿಗೆಯನ್ನೂ ನನ್ನ ಪರವಾಗಿ ಹಾಕಲಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ಸಾಲು ಸೊಟ್ಟಗಾದರೆ ಸುಮ್ಮನೆ ಬೆರಳು ತೋರಿಸುತ್ತಿದ್ದಳು, ನಾನು ಬಿಚ್ಚುತ್ತಿದ್ದೆ. ಓಣಿಯಲ್ಲಿ ಗೆಳತಿಯರು ಕುಂಟಾಟ ಆಡುವ ಸದ್ದು ಕೇಳಿ ಒಂದು ಸಲ ಅವಸರದಲ್ಲಿ ಉದ್ದುದ್ದ ಹೊಲಿಗೆ ಹಾಕಿದೆ. ಅವಳು ಕೌದಿಯನ್ನು ತಿರುವಿ ಹಾಕಿದಳು.

"ಮ್ಯಾಲೆ ಚಂದ ಕಾಣೂವಂಗ ಯಾರರೆ ಮಾಡ್ತಾರ. ತಿರುವಿ ಹಾಕಿದ್ರೂ ಹಂಗ ಇರಬೇಕು."

ಅವತ್ತು ಕುಂಟಾಟ ತಪ್ಪಿತು. ಬೆರಳ ತುದಿಗಳು ಜಾಲಿಮುಳ್ಳು ಚುಚ್ಚಿದ ಹಾಗಾಗಿದ್ದವು. ಹತ್ತು ದಿನಗಳಾದ ಮೇಲೆ ನಡುವೆ ಒಂದು ಅಂಗೈಯಷ್ಟು ಜಾಗ ಉಳಿಯಿತು. ಅಲ್ಲಿ ಒಣ ರೊಟ್ಟಿಯ ಒಂದು ಚೂರು ಇಟ್ಟು ಮುಚ್ಚಲು ಹೇಳಿದಳು. ಕೌದಿ ಹಸಿದುಕೊಂಡಿರಬಾರದಂತೆ, ಹಸಿದ ಕೌದಿ ಮೈ ಬೆಚ್ಚಗಿಡುವುದಿಲ್ಲವಂತೆ. ಕೊನೆಯ ಗಂಟು ಹಾಕಿ ಅದನ್ನು ಕೆನ್ನೆಗೆ ಒತ್ತಿಕೊಂಡೆ. ನಾನು ಆವರೆಗೆ ಮಾಡಿದ ಯಾವುದೂ ಅಷ್ಟು ಮೆತ್ತಗೆ ಇರಲಿಲ್ಲ. ಸ್ಪರ್ಧೆಯ ಪ್ರದರ್ಶನಕ್ಕೆ ನೀನೂ ಬರಬೇಕು ಎಂದು ಗಂಗಕ್ಕನಿಗೆ ದುಂಬಾಲು ಬಿದ್ದೆ. ಸಾಲ್ಯಾಗ ನನ್ನದೇನು ಕೆಲಸ ಅಂದಳು. ಆದರೂ ಬರುತ್ತೇನೆಂದು ಒಪ್ಪಿದಳು.

ಆ ದಿನದ ಪ್ರದರ್ಶನವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಪಕ್ಕದ ಹುಡುಗಿ ಪ್ಲಾಸ್ಟಿಕ್ ಬಾಟಲಿಗಳ ಗೋಪುರ ಮಾಡಿದ್ದಳು. ಅಷ್ಟೊಂದು ಖಾಲಿ ಬಾಟಲಿ ಎಲ್ಲಿ ಸಿಕ್ಕವೆಂದು ಕೇಳಿದರೆ, ಅವರಪ್ಪ ತುಂಬಿದ ಬಾಟಲಿಗಳನ್ನೇ ಕೊಂಡು ತಂದು, ಒಳಗಿನ ಶರಬತ್ತನ್ನು ಹಿತ್ತಲ ಮೋರಿಗೆ ಸುರಿದರಂತೆ. ಮೊದಲ ಬಹುಮಾನ ಥರ್ಮಾಕೋಲಿನ ಗಾಳಿಗಿರಣಿಗೆ. ಅದನ್ನು ಕೊರೆದ ಬಿಳಿ ಪುಡಿ ಅಂಗಳದ ತುಂಬ ಹಾರಿ ಗಿಡಗಳ ಬುಡಕ್ಕೆ ಅಂಟಿಕೊಂಡಿತ್ತು. ಆ ಗಿರಣಿಯ ಮೇಲೆ 'ಪರಿಸರ ಉಳಿಸಿ' ಎಂದು ಮಿಂಚಿನ ಪುಡಿಯಲ್ಲಿ ಬರೆದಿತ್ತು.

ನನ್ನ ಕೌದಿಯನ್ನು ಟೀಚರು ಎರಡು ಬೆರಳಲ್ಲಿ ಎತ್ತಿ ನೋಡಿದರು. ಇದು ಕ್ರಾಫ್ಟ್ ಅಲ್ಲ, ಹಾಸಿಗೆ ಅಂದರು. ಇಷ್ಟು ಸಣ್ಣ ಹೊಲಿಗೆ ಈ ವಯಸ್ಸಿನ ಹುಡುಗಿ ಹಾಕಲು ಸಾಧ್ಯವೇ ಇಲ್ಲ, ಯಾರೋ ಮಾಡಿಕೊಟ್ಟಿದ್ದಾರೆ ಅಂದರು. ಮೇಜಿನ ಮೇಲಿಂದ ತೆಗೆದು ಮೇಜಿನ ಕೆಳಗೆ ಸರಿಸಿದರು.

ಅತಿಥಿಗಳು ಬರುವ ಹೊತ್ತಿಗೆ 'ನೀರು ಉಳಿಸಿ' ಮಾದರಿಯ ಬಕೆಟ್ಟು ಉರುಳಿತು. ಬಣ್ಣದ ನೀರು ಸಭಾಂಗಣದ ಬಾಗಿಲವರೆಗೆ ಹರಿಯಿತು. ಲಗೂ ಒರಸು, ಲಗೂ ಒರಸು ಎಂದು ಟೀಚರು ಗಡಿಬಿಡಿ ಮಾಡಿದರು. ಶಾಲೆಯ ಕೆಲಸದವಳ ಕೈಗೆ ಏನೂ ಸಿಗಲಿಲ್ಲ. ಟೀಚರೇ ಬಗ್ಗಿ, ಮೇಜಿನ ಕೆಳಗಿನ ನನ್ನ ಕೌದಿಯನ್ನು ಎಳೆದು ಅವಳ ಕಡೆ ಎಸೆದರು. ಅವಳು ಒರೆಸಿದಳು. ಅವಳದೇನು ತಪ್ಪು?

ನಾನು ಒಂದು ಹೆಜ್ಜೆ ಮುಂದಿಟ್ಟೆ. ಬಾಗಿಲ ಕಡೆ ನೋಡಿದೆ. ಒಗೆದ ಹಸಿರು ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಗಂಗಕ್ಕ ನಿಂತಿದ್ದಳು.

ಅವಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಕೆಲಸದವಳ ಕೈಯಿಂದ ಕೌದಿ ತೆಗೆದುಕೊಂಡು ಬಕೆಟ್ಟಿನೊಳಗೆ ಹಿಂಡಿದಳು. ನೀಲಿ ನೀರು ಇಳಿಯಿತು.

"ಅಕ್ಕಾರ, ಇದನ್ನ ಈ ಹುಡುಗಿ ಹೊಲದಾಳ್ರಿ. ಒಂದೊಂದು ಹೊಲಿಗಿ ನಾ ಕಣ್ಣಾರೆ ನೋಡೇನಿ," ಅಂದಳು. ಧ್ವನಿ ಏರಿಸಲಿಲ್ಲ. "ನೆಲಾ ಒರಸಾಕ ನಿಮ್ಮ ಸಾಲ್ಯಾಗ ಬ್ಯಾರೆ ಅರಿವಿ ಇರಲಿಲ್ಲೇನ್ರಿ?"

ಟೀಚರು ನನ್ನ ಕಡೆ ತಿರುಗಿದರು. ಈಕಿ ಯಾರು ಎಂದು ನನ್ನನ್ನು ಕೇಳಿದರು. ನಮ್ಮ ಗಂಗಕ್ಕ, ನನಗ ಹೊಲಿಯೂದು ಕಲಿಸಿದಾಕಿ ಅಂದೆ. ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವ ವಯಸ್ಸು ಅದು.

"ಹಂಗಾರ ಮಾಡಿದಾಕಿ ಈಕೀನ ಅನ್ನು," ಅಂದರು ಟೀಚರು, ಸುತ್ತ ನಿಂತವರಿಗೆಲ್ಲ ಕೇಳುವಂತೆ. "ಮೋಸ ಮಾಡಿದ್ದಲ್ಲದ ಸಾಕ್ಷಿನೂ ಕರಕೊಂಡ ಬಂದಿ."

ಕಾವಲುಗಾರನನ್ನು ಕರೆದು ಗಂಗಕ್ಕನನ್ನು ಹೊರಗೆ ಕಳಿಸಿದರು. ಅವಳು ಜಗಳಾಡಲಿಲ್ಲ. ಒದ್ದೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ಬಿಸಿಲಿಗೆ ಹಾಕು, ನೆರಳಿಗೆ ಹಾಕಬ್ಯಾಡ ಎಂದಷ್ಟೇ ಹೇಳಿ ಹೋದಳು.

ನಮ್ಮವ್ವ ಜೋರು ಮಾತಿನ ಹೆಂಗಸಲ್ಲ. ಮರುದಿನ ಮಾತ್ರ ನನ್ನ ಕೈ ಹಿಡಿದು ಮುಖ್ಯೋಪಾಧ್ಯಾಯರ ಕೋಣೆಗೆ ಹೋದಳು. ಒಂದು ಸೂಜಿ ದಾರ, ಎರಡು ತುಣುಕು ಅರಿವೆ ಮೇಜಿನ ಮೇಲಿಟ್ಟು, ನನ್ನ ಮಗಳು ಇಲ್ಲೇ ಹೊಲಿದು ತೋರಿಸುತ್ತಾಳೆ, ಆ ಟೀಚರನ್ನು ಕರೆಸಿ ಅಂದಳು. ನಾನು ಹೊಲಿದೆ. ಅವರು ನೋಡಿದರು. ಆಯಿತು ಬಿಡ್ರಿ, ಮಕ್ಕಳ ವಿಷಯ, ದೊಡ್ಡದು ಮಾಡಬೇಡ್ರಿ ಅಂದರು. ಟೀಚರು ಬರಲೇ ಇಲ್ಲ. ನಾಲ್ಕು ದಿನ ಬಿಟ್ಟು ನನಗೊಂದು ಭಾಗವಹಿಸಿದ ಪ್ರಮಾಣಪತ್ರ ಬಂತು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಬೆಸೆದದ್ದು. ಅವ್ವ ಅದನ್ನು ವಾಪಸು ಕಳಿಸಿದಳು. ಗಂಗಕ್ಕನಿಗೆ ಯಾರೂ ತಪ್ಪಾಯಿತೆಂದು ಒಂದು ಮಾತು ಹೇಳಲಿಲ್ಲ.

ಸಿಟ್ಟು ಶಾಲೆಯ ಮೇಲೆ ಮಾತ್ರ ಆಗಿದ್ದರೆ ಬರೆಯುವುದು ಸುಲಭವಿತ್ತು. ಗಂಗಕ್ಕ ಇನ್ನೂ ಎರಡು ಚಳಿಗಾಲ ಬಂದಳು. ಮೂರನೆಯ ವರ್ಷ ನಮ್ಮ ಓಣಿಗೆ ಗಾಡಿಯ ಮೇಲೆ ಹುಲಿಯ ಚಿತ್ರದ ರಗ್ಗುಗಳು ಬಂದವು. ಅವ್ವ ಮೂರು ಕೊಂಡಳು. ಒಗೆಯಲು ಹಗುರ, ಲಗೂ ಒಣಗುತ್ತವೆ. ಗಂಗಕ್ಕ ಬಂದಾಗ, ಈ ವರ್ಷ ಬ್ಯಾಡ ಗಂಗವ್ವಾ ಅಂದಳು. ನಾನು ಒಳಗೆ ಪರೀಕ್ಷೆಗೆ ಓದುತ್ತಿದ್ದೆ. ಹೊರಗೆ ಬರಬಹುದಾಗಿತ್ತು, ಬರಲಿಲ್ಲ. ಆಮೇಲೆ ಅವಳನ್ನು ಓಣಿಯಲ್ಲಿ ನೋಡಿದವರಿಲ್ಲ.

ಈಗ ನಾನು ಹುಬ್ಬಳ್ಳಿಯಲ್ಲಿದ್ದೇನೆ. ಹೋದ ತಿಂಗಳು ಮಗಳ ಶಾಲೆಯಿಂದ ಮೊಬೈಲಿಗೆ ಸಂದೇಶ ಬಂತು: ಪರಿಸರಸ್ನೇಹಿ ಕರಕುಶಲ ಕಿಟ್ ಕೊಂಡು ಕಳಿಸಿರಿ. ಅಂಗಡಿಗೆ ಹೋಗಿ ನೋಡಿದರೆ ಒಂದು ಡಬ್ಬಿ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ, ಒಳಗೆ ಪಾಲಿಶ್ ಮಾಡಿದ ತೆಂಗಿನ ಚಿಪ್ಪು, ಅಳತೆಗೆ ಕತ್ತರಿಸಿದ ಹೊಸ ಬಟ್ಟೆಯ ಚೌಕಗಳು. ಚಿಂದಿಯನ್ನೂ ಈಗ ಕಾರ್ಖಾನೆಯಲ್ಲಿ ಮಾಡುತ್ತಾರೆ. ಅಂಗಡಿಯವನ ಮೇಲೆ ರೇಗಿದೆ. ಎಲ್ಲಾ ಸಾಲಿಯವ್ರೂ ಇದನ್ನ ಕೇಳ್ತಾರ್ರಿ ಅಕ್ಕಾ, ನಾ ಏನ ಮಾಡ್ಲಿ ಅಂದ. ಕೊಳ್ಳದೆ ಮನೆಗೆ ಬಂದೆ.

ಮಗಳಿಗೆ ನಾನೇ ಹೊಲಿಯಲು ಕಲಿಸುತ್ತೇನೆಂದು ಕಪಾಟು ತೆರೆದೆ. ಸವೆದು ಮೆತ್ತಗಾದ ಒಂದು ಬಟ್ಟೆಯೂ ಇರಲಿಲ್ಲ. ನಮ್ಮ ಬಟ್ಟೆಗಳು ಈಗ ಹಳತಾಗುವುದಿಲ್ಲ, ಹಳತಾಗುವ ಮೊದಲೇ ಮನೆ ಬಿಟ್ಟು ಹೋಗುತ್ತವೆ. ಇದ್ದುದರಲ್ಲೇ ಒಂದೆರಡನ್ನು ಜೋಡಿಸಿ ಕೂತೆ. ಸೂಜಿ ಜಾರಿತು, ಸಾಲು ಸೊಟ್ಟಾಯಿತು, ಎಲ್ಲಿ ಬಿಚ್ಚಬೇಕೆಂದೂ ತಿಳಿಯಲಿಲ್ಲ. ಗಂಗಕ್ಕನನ್ನಾದರೂ ಹುಡುಕೋಣವೆಂದು ಅವ್ವನಿಗೆ ಫೋನು ಮಾಡಿ, ಅವಳ ಊರು ಯಾವುದಿತ್ತು ಎಂದು ಕೇಳಿದೆ.

"ಗೊತ್ತಿಲ್ಲವ್ವಾ," ಅಂದಳು ಅವ್ವ. "ಕೇಳಿರಲೇ ಇಲ್ಲ ನಾವು."

ಅಷ್ಟು ವರ್ಷ ನಮ್ಮ ಪಡಸಾಲೆಯಲ್ಲಿ ಕೂತು, ನಮ್ಮ ರೊಟ್ಟಿ ಉಂಡು, ನಮ್ಮ ಮೈ ಬೆಚ್ಚಗಿಟ್ಟ ಹೆಣ್ಣುಮಗಳು. ಅವಳ ಊರು ಯಾವುದು, ಮಕ್ಕಳೆಷ್ಟು, ಆ ದಿನ ಶಾಲೆಯಿಂದ ಅವಳು ಎಲ್ಲಿಗೆ ನಡೆದುಹೋದಳು, ಒಂದನ್ನೂ ಕೇಳಿರಲಿಲ್ಲ. ಇಪ್ಪತ್ತು ವರ್ಷ ಆ ಟೀಚರಿಗಾಗಿ ಕಾಪಿಟ್ಟುಕೊಂಡ ಸಿಟ್ಟು, ಫೋನು ಕೆಳಗಿಟ್ಟ ಮೇಲೆ, ನನ್ನ ಕಡೆಗೇ ತಿರುಗಿ ಕೂತಿತು.